ದಡದವಳು ಕೆರೆ ದಾಟಿದ್ದು

ನಮ್ಮೂರಿನ ಮದುವೆಯ ಕರೆಯೋಲೆಗಳಲ್ಲಿ ವಧೂವರರ ಹೆಸರಿನ ಕೆಳಗೆ ಸ್ವಲ್ಪ ಸಣ್ಣ ಅಕ್ಷರದಲ್ಲಿ ಅವರವರ ನೀರಿನ ಜೊತೆಯ ಹೆಸರನ್ನೂ ಅಚ್ಚು ಹಾಕಿಸುತ್ತಾರೆ. ನನ್ನ ಮದುವೆಯ ಕರೆಯೋಲೆಯಲ್ಲಿ ಶ್ರೀಪತಿಯ ಹೆಸರಿನ ಕೆಳಗೆ ‘ನೀರಿನ ಜೊತೆ: ಖಾದರ್’ ಎಂದಿತ್ತು. ಇಂದುಮತಿ ಎಂಬ ನನ್ನ ಹೆಸರಿನ ಕೆಳಗೆ ಪ್ರೆಸ್ಸಿನವರು ಒಂದು ಕಮಲದ ಹೂವಿನ ಚಿತ್ರ ಕೂರಿಸಿದ್ದರು. ಜಾಗ ಬರಿದಾಗಿ ಕಾಣಬಾರದಲ್ಲ.

ನಮ್ಮ ಉಪ್ಪುಕೆರೆಯಲ್ಲಿ ಒಬ್ಬರೇ ತೇಲುವುದಿಲ್ಲ. ಇಬ್ಬರು ಬೇಕು. ಯಾರೋ ಇಬ್ಬರು ಸಾಲದು, ಸರಿಯಾದ ಇಬ್ಬರೇ ಆಗಬೇಕು. ನಿಮ್ಮ ಜೊತೆಯವರು ನೀರಿನಲ್ಲಿದ್ದರೆ ಕೆರೆ ನಿಮ್ಮನ್ನು ಹತ್ತಿಯ ಹಾಗೆ ಎತ್ತಿ ಹಿಡಿಯುತ್ತದೆ. ಇಲ್ಲದಿದ್ದರೆ ಗುಂಡುಕಲ್ಲಿನ ಹಾಗೆ ಒಳಕ್ಕೆಳೆದುಕೊಳ್ಳುತ್ತದೆ. ಇಬ್ಬರೂ ಕೂಗಳತೆಯಲ್ಲಿರಬೇಕು. ಆಗಾಗ ಒಬ್ಬರು ಇನ್ನೊಬ್ಬರ ಹೆಸರು ಹಿಡಿದು ಕೂಗಬೇಕು, ಇನ್ನೊಬ್ಬರು ‘ಓ’ ಎಂದು ಓಗೊಡಬೇಕು. ಓಗೊಡುವುದು ತಡವಾದಷ್ಟೂ ಇಬ್ಬರ ಮೈಯೂ ಭಾರವಾಗುತ್ತ ಹೋಗುತ್ತದೆ. ಹೀಗಾಗಿ ನಮ್ಮೂರಿನ ಬೆಳಗುಗಳಲ್ಲಿ ಹಕ್ಕಿಗಳಿಗಿಂತ ಜನರ ದನಿಯೇ ಹೆಚ್ಚು. “ಶ್ರೀಪತೀ!” “ಓ!” “ಖಾದರೂ!” “ಓ!” ಗದ್ದೆಯ ಬದುವಿಗಾಗಿ ಕೋರ್ಟು ಹತ್ತಿದ ಷಡ್ಡಕರಿಬ್ಬರಿದ್ದರು. ದಡದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬೆಳಗಾದರೆ ನೀರಿಗಿಳಿದು, ಒಬ್ಬರ ಹೆಸರನ್ನು ಇನ್ನೊಬ್ಬರು ಬೈಗುಳದ ಹಾಗೆ ಕೂಗುತ್ತ, ಚೆನ್ನಾಗಿ ಈಜಿ, ಮತ್ತೆ ಮುಖ ತಿರುಗಿಸಿಕೊಂಡು ಮನೆಗೆ ಹೋಗುತ್ತಿದ್ದರು. ವರ್ಗವಾದವರ ಹಿಂದೆ ಅವರ ನೀರಿನ ಜೊತೆಯವರು ಸಂಸಾರ ಸಮೇತ ಊರು ಬಿಟ್ಟದ್ದೂ ಉಂಟು. ಹೋದ ಊರಿನಲ್ಲಿ ಇಂಥ ಕೆರೆ ಇರುವುದಿಲ್ಲ. ಆದರೂ ಹೋಗುತ್ತಾರೆ.

ಹೊರಗಿನವರು ಇದನ್ನು ಸರೋವರ ಎನ್ನುತ್ತಾರೆ. ಮೂರು ಕಡೆ ಕೆಂಪು ಬೆಟ್ಟ, ದಡದುದ್ದಕ್ಕೂ ಬೆಳ್ಳಗೆ ಉಪ್ಪಿನ ಹೆಪ್ಪು. ಬೆಳಗ್ಗೆ ಹಸಿರಾಗಿರುವ ನೀರು ಬಿಸಿಲೇರಿದಂತೆ ಹಾಲು ಬೆರೆಸಿದ ನೀಲಿಯಾಗಿ, ಬೇಸಿಗೆಯ ಸಂಜೆಗಳಲ್ಲಿ ದಾಸವಾಳ ನೆನೆಸಿದ ನೀರಿನ ಬಣ್ಣಕ್ಕೆ ತಿರುಗುತ್ತದೆ. ಬಂದವರು ಫೋಟೊ ಹಿಡಿಯುತ್ತಾರೆ, ಮೊಣಕಾಲವರೆಗೆ ಇಳಿಯುತ್ತಾರೆ, ಹಿಂದಕ್ಕೆ ಬರುತ್ತಾರೆ. ಹುಟ್ಟಾ ಇದೇ ಊರಿನವಳಾದ ನಾನೂ ಅಷ್ಟೇ ಮಾಡುತ್ತಿದ್ದೆ.

ಹದಿನಾರು ತುಂಬಿದ ಮಕ್ಕಳನ್ನು ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಇಬ್ಬಿಬ್ಬರಾಗಿ ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿಸಿ ನಿಲ್ಲಿಸುತ್ತಾರೆ. ಆ ದಿನ ಊರಿನ ಬೇರೆ ಯಾರೂ ನೀರಿಗೆ ಕಾಲಿಡುವಂತಿಲ್ಲ. ನಮ್ಮ ಸಲ ಮೆಟ್ಟಿಲ ಮೇಲೆ ನಿಂತು ಸೀಟಿ ಊದುತ್ತಿದ್ದವರು ಶಾಲೆಯ ಡ್ರಿಲ್ ಟೀಚರ್ ದೇವೀರಮ್ಮ. ಒಂದು ಸೀಟಿಗೆ ಇಬ್ಬರು ಹಗ್ಗ ಬಿಡಬೇಕು. ತೇಲಿದರೆ ಚಪ್ಪಾಳೆ, ಮುಳುಗಿದರೆ ಬೇರೆ ಜೊತೆ. ನಾನು ನಮ್ಮ ತರಗತಿಯ ಎಲ್ಲರ ಜೊತೆಗೂ ಮುಳುಗಿದೆ. ಸಂಜೆಯವರೆಗೂ ವಾಂತಿ. ಮದುವೆಯಾದ ಮೇಲೆ ಶ್ರೀಪತಿಯ ಜೊತೆ, ನಾದಿನಿಯ ಜೊತೆ, ಕೊನೆಗೆ ಎಪ್ಪತ್ತು ದಾಟಿದ ಅತ್ತೆಯ ಜೊತೆಗೂ ಇಳಿದು ನೋಡಿದ್ದಾಯಿತು. ನನ್ನಂಥವರಿಗೆ ಊರಿನಲ್ಲಿ ‘ದಡದವರು’ ಎನ್ನುತ್ತಾರೆ. ಜೊತೆಯವರು ತೀರಿಕೊಂಡು ಒಂಟಿಯಾದವರೂ ದಡದವರೇ. ಒಬ್ಬರಿಗೆ ಒಂದೇ ಜೊತೆ, ಅದು ಹೋದರೆ ಮುಗಿಯಿತು ಎಂಬುದು ಊರಿನಲ್ಲಿ ಎಲ್ಲರ ನಂಬಿಕೆ.

ಇಷ್ಟೆಲ್ಲ ಆಗಿಯೂ ನಾನು ಇಟ್ಟದ್ದು ಈಜುಡುಪು ಹೊಲಿಯುವ ಅಂಗಡಿಯನ್ನೇ. ಜೋಡಿಗಳು ಬರುತ್ತಾರೆ, ಇಬ್ಬರಿಗೂ ಒಂದೇ ಬಣ್ಣದ ಬಟ್ಟೆ ಆರಿಸುತ್ತಾರೆ. ಉಪ್ಪು ಹತ್ತಿಯ ನೂಲನ್ನು ತಿಂದುಬಿಡುತ್ತದೆಂದು ನಾನು ನೈಲಾನ್ ದಾರದಲ್ಲಿ ಎರಡೆರಡು ಹೊಲಿಗೆ ಹಾಕುತ್ತೇನೆ. ಊರಿನ ಸೊಂಟಗಳ ಅಳತೆಯೆಲ್ಲ ನನಗೆ ಬಾಯಿಪಾಠ. ಬೆಳಗ್ಗೆ ಶ್ರೀಪತಿ ಖಾದರನ ಜೊತೆ ಈಜಿ ಬಂದು, ತಲೆ ಒರೆಸಿಕೊಳ್ಳುತ್ತ, “ಇವತ್ತು ನೀರು ಏನಿತ್ತು ಗೊತ್ತಾ, ಇಂದೂ!” ಎನ್ನುವನು. ನನಗೆ ಗೊತ್ತಿರಲಿಲ್ಲ. ಒಳಗೊಳಗೇ ಉರಿಯುತ್ತಿತ್ತು. ದೋಸೆ ಮಗುಚುತ್ತ “ಹೌದಾ?” ಎನ್ನುತ್ತಿದ್ದೆ.

ಒಂದು ಬೆಳಗ್ಗೆ ಹೊಲಿದ ಬಟ್ಟೆಗಳ ಗಂಟು ಹಿಡಿದು ಕೆರೆಯ ಮೆಟ್ಟಿಲಿಗೆ ಹೋಗಿದ್ದೆ. ಅಲ್ಲೇ ಕೊಟ್ಟುಬಿಟ್ಟರೆ ಜನ ಒದ್ದೆಯಲ್ಲಿ ಅಂಗಡಿಗೆ ಬರುವುದು ತಪ್ಪುತ್ತದೆ. ಮೆಟ್ಟಿಲ ಒಂದು ಮೂಲೆಯಲ್ಲಿ ದೇವೀರಮ್ಮ ಟೀಚರ್ ಕೂತಿದ್ದರು. ಅವರಿಗೀಗ ವಯಸ್ಸಾಗಿತ್ತು, ಆದರೆ ಬೆನ್ನು ಹಾಗೇ ನೆಟ್ಟಗಿತ್ತು. ಒಂದು ಕಾಲದಲ್ಲಿ ಅವರೂ ಹೆರಿಗೆ ಆಸ್ಪತ್ರೆಯ ನರ್ಸ್ ಲಿಲ್ಲಿ ಸಿಸ್ಟರೂ ಊರಿನ ಅತಿ ದೊಡ್ಡ ಈಜುಗಾರ್ತಿಯರು. ಆಚೆ ದಡ ಮುಟ್ಟಿ ಬರುವುದು ಅವರಿಗೆ ಸಂತೆಗೆ ಹೋಗಿ ಬಂದಷ್ಟೇ ಸಲೀಸು. ಕೆಲವು ವರ್ಷಗಳ ಹಿಂದೆ ಲಿಲ್ಲಿ ಸಿಸ್ಟರ್ ತೀರಿಕೊಂಡರು. ಆಮೇಲೆ ಟೀಚರ್ ನೀರಿಗಿಳಿದಿರಲಿಲ್ಲ. ಮೊಣಕಾಲು ನೋವಿಗೆ ಉಪ್ಪುನೀರು ಒಳ್ಳೆಯದೆಂದು ಡಾಕ್ಟರು ಹೇಳಿದ್ದರಿಂದ ಪಾದ ಅದ್ದಿಕೊಂಡು ಕೂರುತ್ತಿದ್ದರು, ಅಷ್ಟೇ.

ಪಾಚಿ ಕಟ್ಟಿದ್ದ ಮೆಟ್ಟಿಲು ನನಗೆ ಕಾಣಲಿಲ್ಲ. ಗಂಟು ಒಂದು ಕಡೆ, ನಾನೊಂದು ಕಡೆ ಹಾರಿದೆವು. ಆ ಪಕ್ಕದಲ್ಲಿ ಆಳ. ಮೂಗು ಬಾಯಿಗೆಲ್ಲ ಉಪ್ಪು ನುಗ್ಗಿತು. ಕತೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಬೆನ್ನ ಕೆಳಗೆ ಏನೋ ಬಂದು ನಿಂತಿತು. ಕೈಯಲ್ಲ, ಕಲ್ಲಲ್ಲ, ನೀರೇ. ನೀರು ಬಂದು ನನ್ನನ್ನು ಎತ್ತಿಕೊಂಡಿತು, ಅಳುವ ಕೂಸನ್ನು ಎತ್ತಿಕೊಂಡ ಹಾಗೆ. ನಾನು ಅಂಗಾತ ಮಲಗಿದ್ದೆ. ಮೇಲೆ ಆಕಾಶ. ಸೀರೆಯ ಸೆರಗು ಪಕ್ಕದಲ್ಲಿ ಹಾಯಿಯ ಹಾಗೆ ಹರಡಿಕೊಂಡಿತ್ತು. ಕಿವಿಯೊಳಗೆ ನೀರು ಗುಳುಗುಳು ಎನ್ನುತ್ತಿತ್ತು. ನಾನು ನಕ್ಕೆನಂತೆ. ಜೋರಾಗಿ ನಕ್ಕೆನಂತೆ. ನನಗೆ ನೆನಪಿಲ್ಲ.

“ಇಂದುಮತಿ ತೇಲ್ತಿದಾಳೆ! ಯಾರ ಜೊತೇಲಿ? ಯಾರಿದ್ದೀರ್ರೀ ನೀರಲ್ಲಿ?” ಎಂದು ಮೇಲೆ ಯಾರೋ ಕಿರುಚಿದರು.

ನೀರಿನಲ್ಲಿದ್ದವರೆಲ್ಲ ಅವರವರ ಜೋಡಿಯವರೇ. ಉಳಿದದ್ದು ಮೂಲೆಯಲ್ಲಿ ಅದ್ದಿಕೊಂಡಿದ್ದ ಎರಡು ಪಾದ. ಎಲ್ಲರೂ ಅತ್ತ ತಿರುಗಿದರು. ದೇವೀರಮ್ಮ ಟೀಚರ್ ಕೆಂಡ ಮುಟ್ಟಿದವರ ಹಾಗೆ ಪಾದಗಳನ್ನು ಮೇಲಕ್ಕೆಳೆದುಕೊಂಡರು. ಆ ಕ್ಷಣವೇ ಕೆರೆ ನನ್ನ ಕೈಬಿಟ್ಟಿತು. ದಬಕ್ಕನೆ ಒಳಗೆ ಹೋದೆ. ಜನ ಕೂಗಿಕೊಂಡರು. ಟೀಚರ್ ಮತ್ತೆ ಪಾದ ಅದ್ದಿದರು. ಬುಡುಕ್ಕನೆ ಮೇಲೆ ಬಂದೆ. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ. ಯಾರೋ ಕೋಲು ಚಾಚಿ ನನ್ನನ್ನು ಮೆಟ್ಟಿಲಿಗೆ ಎಳೆದುಕೊಂಡರು. ಕೆಮ್ಮು ನಿಂತು ನಾನು ತಲೆಯೆತ್ತುವಷ್ಟರಲ್ಲಿ ಟೀಚರ್ ಇರಲಿಲ್ಲ. ಮೆಟ್ಟಿಲ ಮೇಲೆ ಅವರ ಒದ್ದೆ ಹೆಜ್ಜೆಗಳು ಬಿಸಿಲಿಗೆ ಆರುತ್ತಿದ್ದವು.

ಆ ಸಂಜೆಯೇ ಅವರ ಮನೆಗೆ ಓಡಿದೆ. ಓಡಿದೆ ಅಂದರೆ ಓಡಿಯೇ ಹೋದೆ. ಆ ವಯಸ್ಸಿನಲ್ಲಿ, ಆ ಮೈಯಲ್ಲಿ, ಪೇಟೆಯ ನಡುಬೀದಿಯಲ್ಲಿ. ಟೀಚರ್ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

“ಟೀಚರ್, ಇವತ್ತು ಬೆಳಗ್ಗೆ...”

“ಏನೂ ಆಗಿಲ್ಲ.”

“ತೇಲಿದ್ನಲ್ಲ ಟೀಚರ್! ಊರೇ ನೋಡಿದೆ.”

“ಊರಿಗೆ ಬೇರೆ ಕೆಲ್ಸ ಇಲ್ಲ. ನೋಡು ಇಂದುಮತಿ, ನಾನು ಮಾಡ್ಬೇಕಾದ ಈಜನ್ನ ಒಬ್ಬಳ ಜೊತೆ ಮಾಡಿ ಮುಗಿಸಿದೀನಿ. ಲಿಲ್ಲಿ ಹೆಸ್ರು ಕೂಗಿದ ಬಾಯಲ್ಲಿ ಇನ್ನೊಬ್ಬರ ಹೆಸ್ರು ಕೂಗು ಅಂತ ಕೇಳ್ಬೇಡ. ನಿಂಗೆ ಪಾಪ ಆಸೆ. ಗೊತ್ತಾಗತ್ತೆ. ಆದ್ರೆ ನನ್ನ ಕೇಳ್ಬೇಡ.”

ಸ್ವಲ್ಪ ಹೊತ್ತು ಕೂತು ಅವರ ಜೊತೆ ಅವರೆಕಾಯಿ ಸುಲಿದೆ. ಹೊರಟಾಗ ಅವರು ಬುಟ್ಟಿಯಿಂದ ಒಂದು ಹಿಡಿ ಕಾಳು ತೆಗೆದು ನನ್ನ ಸೆರಗಿಗೆ ಹಾಕಿದರು.

ಮನೆಗೆ ಬಂದು ಶ್ರೀಪತಿಯ ಎದುರು ಅತ್ತುಬಿಟ್ಟೆ. “ಒಂದು ಸಲ ತೇಲಿಲ್ವಾ, ಅಷ್ಟೇ ಸಾಕು ಅನ್ಕೋ” ಎಂದ. ನಿತ್ಯ ತೇಲುವವರು ಹೇಳುವ ಮಾತು ಅದು. ನನಗೆ ಸಾಕಾಗಿರಲಿಲ್ಲ. ಆ ನೀರು ಬೆನ್ನ ಕೆಳಗೆ ಬಂದು ನಿಂತದ್ದು ಮೈಯಲ್ಲೇ ಉಳಿದುಬಿಟ್ಟಿತ್ತು. ಹೊಲಿಗೆ ಮಿಷಿನ್ನು ತುಳಿಯುವಾಗ, ಅನ್ನ ಬಸಿಯುವಾಗ, ಬೆನ್ನು ತಾನಾಗಿಯೇ ಹಿಂದಕ್ಕೆ ಒರಗುತ್ತಿತ್ತು. ಅಂಗಡಿಯಲ್ಲಿದ್ದ ಬಟ್ಟೆಗಳಲ್ಲೇ ಕಣ್ಣಿಗೆ ಹೊಡೆಯುವಂಥ ಹಳದಿ ಬಣ್ಣದ್ದನ್ನು ಆರಿಸಿ, ನನಗೆಂದು ಒಂದು ಈಜುಡುಪು ಹೊಲಿದುಕೊಂಡೆ. ಮೊದಲ ಸಲ ಟೇಪನ್ನು ನನ್ನ ಸೊಂಟಕ್ಕೇ ಸುತ್ತಿಕೊಂಡು ನಾಚಿಕೊಂಡೆ.

ಮರುದಿನದಿಂದ ಅದನ್ನು ತೊಟ್ಟು ಸೊಂಟಮಟ್ಟದ ನೀರಿನಲ್ಲಿ ನಿಂತು ಒಬ್ಬಳೇ ಕೈ ಬೀಸುವುದನ್ನು ಅಭ್ಯಾಸ ಮಾಡತೊಡಗಿದೆ. ಜನ ನಕ್ಕರು. ಮಕ್ಕಳು ‘ಹಳದಿ ಕೊಕ್ಕರೆ’ ಎಂದು ಕೂಗಿದರು. ಕೂಗಿದರೆ ಕೂಗಲಿ. ಬಲಗೈ ಎತ್ತು, ಎಡಗೈ ಎತ್ತು, ತಲೆ ತಿರುಗಿಸು, ಉಸಿರು ಎಳೆ. ಟೀಚರ್ ಈಗ ಮೆಟ್ಟಿಲಿಗೆ ಬರುತ್ತಿದ್ದರೂ ಪಾದವನ್ನು ನೀರಿಗಿಡುತ್ತಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಕೂತು ಬೆಟ್ಟದ ಕಡೆ ನೋಡುತ್ತಿದ್ದರು. ಬೆಟ್ಟ ಎಷ್ಟು ದಿನ ನೋಡುತ್ತಾರೆ? ಒಂದು ಬೆಳಗ್ಗೆ ಹಿಂದಿನಿಂದ ಗುಡುಗಿನಂಥ ದನಿ ಬಂತು.

“ಅದೇನು ಕೈಯಾ? ರೊಟ್ಟಿ ತಟ್ತಿದೀಯಾ? ನೀರನ್ನ ಹೊಡೀಬೇಡ, ಹಿಂದಕ್ಕೆ ತಳ್ಳು!”

ನಾನು ತಳ್ಳಿದೆ.

“ಮೊಣಕೈ ಮೇಲೆ! ಮೇಲೆ ಅಂದ್ರೆ ಮೇಲೆ! ಅಯ್ಯೋ ದೇವ್ರೇ, ಸ್ಕೂಲಲ್ಲೂ ಹಿಂಗೇ ಇದ್ಲು ಇವ್ಳು!”

ಆಮೇಲೆ ದಿನವೂ ಬೈಗುಳ. ಒಂದೊಂದು ದಿನ ಒಂದೊಂದು ಮೆಟ್ಟಿಲು ಕೆಳಗೆ ಇಳಿದು ಬೈಯುತ್ತಿದ್ದರು. ನಾನು ಬೇಕೆಂದೇ ತಪ್ಪು ಮಾಡಲಿಲ್ಲ. ಬೇಕಾಗಿರಲೂ ಇಲ್ಲ, ನನಗೆ ಬರುತ್ತಿದ್ದದ್ದೇ ಅಷ್ಟು. ಕೊನೆಗೆ ಒಂದು ದಿನ ಕಾಲು ಬಡಿಯುವುದನ್ನು ಬಾಯಲ್ಲಿ ಹೇಳಿ ಹೇಳಿ ಸೋತು, “ಥೂ, ಹಂಗಲ್ವೇ! ಹಿಂಗೆ!” ಎನ್ನುತ್ತ ಸೀರೆಯುಟ್ಟೇ ನೀರಿಗಿಳಿದರು. ಇಳಿದ ಮೇಲೆಯೇ ಇಳಿದೆನೆಂದು ಅವರಿಗೆ ಗೊತ್ತಾದದ್ದು. ನನ್ನ ಪಾದ ತಾನಾಗಿಯೇ ನೆಲ ಬಿಟ್ಟಿತು. ಅವರದೂ ಬಿಟ್ಟಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ, ಸೊಂಟದಷ್ಟೇ ಇದ್ದ ನೀರಿನಲ್ಲಿ ಮೆಲ್ಲಗೆ ಮೇಲೆದ್ದು ಕೆಳಗಾಗುತ್ತಿದ್ದೆವು. ಟೀಚರ್ ಕಣ್ಣು ಮುಚ್ಚಿ ಅಂಗಾತ ಮಲಗಿದರು. ಬಿಳಿಯ ಕೂದಲು ನೀರಿನ ಮೇಲೆ ಬಿಚ್ಚಿಕೊಂಡಿತು. ಬಹಳ ಹೊತ್ತು ಹಾಗೇ ಇದ್ದು, “ಎಷ್ಟು ವರ್ಷ ಆಯ್ತೇ ಇಂದುಮತಿ” ಎಂದರು. ಆಮೇಲೆ ಕಣ್ಣು ಬಿಟ್ಟು, “ಸರಿ, ಕಾಲು ಬಡಿ” ಎಂದರು.

ಆ ದಿನಗಳನ್ನು ಹೇಗೆ ಹೇಳಲಿ! ನಿದ್ದೆ ಬರುತ್ತಿರಲಿಲ್ಲ, ಬೆಳಗಾಗುವುದನ್ನೇ ಕಾಯುತ್ತಿದ್ದೆ. ಈಜುವವರು ಹೇಳದೆ ಉಳಿಸಿಕೊಂಡಿದ್ದ ಸಂಗತಿಗಳೆಲ್ಲ ಒಂದೊಂದಾಗಿ ಗೊತ್ತಾದವು. ಮೇಲೆ ಬೆಚ್ಚಗಿರುವ ನೀರಿನ ಕೆಳಗೆ ತಣ್ಣಗಿನ ಇನ್ನೊಂದು ನೀರು ಹರಿದಾಡುತ್ತದೆ, ಕಾಲಬೆರಳಿಗೆ ತಾಕಿದರೆ ಕಚಗುಳಿಯಾಗುತ್ತದೆ. ರಾಜಹಂಸಗಳ ಹಿಂಡಿನ ಹತ್ತಿರ ಸದ್ದಿಲ್ಲದೆ ಹೋದರೆ ಅವು ಎದ್ದು ಹಾರುವುದಿಲ್ಲ. ಒಂದು ಕಣ್ಣಲ್ಲಿ ನೋಡಿ ಸುಮ್ಮನಾಗುತ್ತವೆ. ಬೆಟ್ಟಗಳು ದಡದಿಂದ ಕಂಡಂತೆ ನೀರಿನಿಂದ ಕಾಣುವುದಿಲ್ಲ. ನಾವು ಒಂದು ಕೈ ಬೀಸಿದರೆ ಅವೂ ಒಂದು ಹೆಜ್ಜೆ ಸರಿಯುತ್ತವೆ. ನಾನು ಮನೆಗೆ ಬಂದು ತಲೆ ಒರೆಸಿಕೊಳ್ಳುತ್ತ, “ಶ್ರೀಪತೀ, ಇವತ್ತು ನೀರು ಏನಿತ್ತು ಗೊತ್ತಾ!” ಎಂದೆ. ಅವನು ದೋಸೆ ಮಗುಚುತ್ತಿದ್ದ. “ಗೊತ್ತು, ನಾನೂ ಅಲ್ಲೇ ಇದ್ನಲ್ಲ” ಎಂದು ನಕ್ಕ.

ಊರಿನಲ್ಲಿ ಮಾತ್ರ ಗುಸುಗುಸು. ಎರಡನೆಯ ಜೊತೆ ಎಂಬುದನ್ನು ಯಾರೂ ಕೇಳಿರಲಿಲ್ಲ. ಅದು ನಿಜವಾದ ತೇಲಲ್ಲ, ದಡದ ಹತ್ತಿರ ಏನೋ ನಡೆಯುತ್ತದೆ, ಆಳಕ್ಕೆ ಹೋದರೆ ಕೆರೆ ಬಿಡುವುದಿಲ್ಲ ಎಂದರು ಹಿರಿಯರು. ಟೀಚರ್ ಕಿವಿಗೂ ಬಿತ್ತು. ಆ ದಿನ ಈಜು ಮುಗಿಸಿ ಮೆಟ್ಟಿಲಲ್ಲಿ ಕೂತಾಗ ಕೂದಲು ಹಿಂಡಿಕೊಳ್ಳುತ್ತ ಹೇಳಿದರು.

“ಆಚೆ ದಡಕ್ಕೆ ಹೋಗೋಣ.”

“ನಾನಾ? ಟೀಚರ್, ನಂಗೆ ಈಗಷ್ಟೇ...”

“ನನ್ನ ವಯಸ್ಸೂ ನಿಂತಿಲ್ಲ. ಕೊನೇ ಸಲ ನಾನೂ ಲಿಲ್ಲೀನೂ ಹೊರಟಾಗ ಕಪ್ಪುಬಂಡೆ ಹತ್ರ ಅವಳಿಗೆ ಉಸಿರು ಕಟ್ತು. ಅರ್ಧದಿಂದ ವಾಪಸ್ ಬಂದ್ವಿ. ಮುಂದಿನ ಬೇಸಿಗೆಗೆ ಹೋಗೋಣ ದೇವೀ ಅಂದ್ಲು. ಮುಂದಿನ ಬೇಸಿಗೆ ಅವಳಿಗೆ ಬರ್ಲೇ ಇಲ್ಲ. ಆ ಅರ್ಧ ನಂಗೋಸ್ಕರ ಹಂಗೇ ಕಾಯ್ತಾ ಕೂತಿದೆ ಕಣೇ.”

ಶ್ರೀಪತಿಗೆ ಹೇಳಿದೆ. ತೇಲುವ ಜೋಡಿ ಮೂರನೆಯವರನ್ನು ಹೊರಲಾರದು. ನಡುನೀರಿನಲ್ಲಿ ಏನಾದರೂ ಆದರೆ ಅವನೂ ಖಾದರನೂ ನೋಡುತ್ತ ಇರಬೇಕಷ್ಟೇ. “ಅಲ್ಲಿ ಹೋದ್ಮೇಲೆ ನೀರು ಮನಸ್ಸು ಬದಲಾಯಿಸಿಬಿಟ್ರೆ?” ಎಂದು ಮತ್ತೆ ಮತ್ತೆ ಕೇಳಿದ. ನನಗೆ ಹೋಗಬೇಕು ಅನ್ನುವುದೊಂದೇ ಇತ್ತು. ಹೊರಡುವ ಬೆಳಗ್ಗೆ ಅವನು ಒಣ ಟವೆಲ್ಲು, ಫ್ಲಾಸ್ಕಿನಲ್ಲಿ ಕಾಫಿ, ಒಂದು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು, ಕೆರೆ ಸುತ್ತಿ ಆಚೆ ಹಳ್ಳಿಗೆ ಹೋಗುವ ಬಸ್ಸು ಹತ್ತಿದ. “ಅಲ್ಲಿರ್ತೀನಿ” ಎಂದ.

ಮೆಟ್ಟಿಲ ತುಂಬ ಜನ. ನಾವಿಬ್ಬರೂ ಹಳದಿ ತೊಟ್ಟಿದ್ದೆವು. ಟೀಚರನ್ನು ಕೇಳದೆಯೇ ನಾನು ಅವರಿಗೂ ಅದೇ ಬಟ್ಟೆಯಲ್ಲಿ ಹೊಲಿದಿದ್ದೆ. “ಇದೇನು ಬಣ್ಣ, ನಿಂಬೆಹಣ್ಣಿನ ಹಂಗೆ” ಎಂದು ಗೊಣಗುತ್ತಲೇ ತೊಟ್ಟುಕೊಂಡಿದ್ದರು. ನೀರು ಹಸಿರಾಗಿ, ಗಾಜಿನ ಹಾಗೆ ಅಲುಗಾಡದೆ ಮಲಗಿತ್ತು. ಇಳಿದೆವು. ಹತ್ತು ಮಾರು ಹೋಗುವಷ್ಟರಲ್ಲಿ ಜನರ ಸದ್ದು ಹಿಂದೆ ಬಿತ್ತು. ಆಮೇಲೆ ಕೈ ನೀರಿಗೆ ಬೀಳುವ ಸದ್ದು, ಉಸಿರಿನ ಸದ್ದು, ನಡುನಡುವೆ “ಇಂದುಮತೀ!” “ಓ!” “ಟೀಚರ್!” “ಓ!” ಇಷ್ಟೇ. ನನ್ನ ಬಾಯಲ್ಲಿ ಅವರ ಹೆಸರೇ ಟೀಚರ್, ಕೆರೆ ಅದಕ್ಕೆ ತಕರಾರು ಮಾಡಲಿಲ್ಲ.

ಎಷ್ಟು ಚೆನ್ನಾಗಿತ್ತು! ನಾನು ಹೆದರಬೇಕಿತ್ತು, ಹೆದರುವುದು ಮರೆತೇಹೋಗಿತ್ತು. ಕೆಳಗೆ ತಳ ಕಾಣದ ಆಳ, ಮೇಲೆ ಬಿಸಿಲು, ನಡುವೆ ಹಳದಿ ಬಟ್ಟೆ ತೊಟ್ಟ ನಾನು, ನಲವತ್ತಾರರ ವಯಸ್ಸಿನವರೆಗೆ ದಡದಲ್ಲಿ ಟೇಪು ಹಿಡಿದು ನಿಂತಿದ್ದವಳು. ಹಾಡಬೇಕೆನಿಸಿತು. ಹಾಡಲು ಬಾಯಿ ತೆರೆದೆ, ಉಪ್ಪುನೀರು ಕುಡಿದೆ, ಟೀಚರ್ ಬೈದರು.

ಕಪ್ಪುಬಂಡೆ ಕೆರೆಯ ನಟ್ಟನಡುವೆ ಎದ್ದಿರುವ ಒಂದು ಬಂಡೆ. ಅದರ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ನಾವು ಅದರ ಹತ್ತಿರ ಬರುವಾಗ ಬೆಟ್ಟದ ಕಣಿವೆಯಿಂದ ಗಾಳಿ ಬೀಸತೊಡಗಿತು. ನೀರು ಸುಕ್ಕುಗಟ್ಟಿತು, ಆಮೇಲೆ ಅಲೆಯಾಯಿತು. ಅಲೆಗಳ ನಡುವೆ ಟೀಚರ್ ಕಾಣುತ್ತಾರೆ, ಕಾಣುವುದಿಲ್ಲ. “ಟೀಚರ್!” ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ಕಾಲುಗಳಿಗೆ ಯಾರೋ ಒದ್ದೆ ಗೋಣಿಚೀಲ ಕಟ್ಟಿದ ಹಾಗಾಯಿತು. ಗಲ್ಲದವರೆಗೆ ನೀರು ಬಂತು. ಆಗ ಅವರ ದನಿ ಕೇಳಿತು.

“ಲಿಲ್ಲೀ!”

ಅವರು ಬಂಡೆಯ ಕಡೆ ನೋಡುತ್ತಿದ್ದರು. ನನ್ನ ಕಡೆಗಲ್ಲ. “ಲಿಲ್ಲೀ! ಲಿಲ್ಲೀ!” ಎಂದು ಕೂಗುತ್ತಿದ್ದರು. ಆ ದನಿಯಲ್ಲಿ ಡ್ರಿಲ್ ಟೀಚರ್ ಇರಲಿಲ್ಲ. ಕತ್ತಲಲ್ಲಿ ಗೆಳತಿಯ ಕೈಬಿಟ್ಟುಹೋದ ಹುಡುಗಿಯೊಬ್ಬಳಿದ್ದಳು. ನೋಡುತ್ತಿದ್ದಂತೆ ಅವರ ಹೆಗಲು ಮುಳುಗಿತು, ಕುತ್ತಿಗೆ ಮುಳುಗಿತು. ನಾನೂ ಇಳಿಯುತ್ತಿದ್ದೆ. ಅವರು ಕೂಗಿದ್ದಕ್ಕೆ ಯಾರೂ ಓಗೊಡುತ್ತಿರಲಿಲ್ಲ, ಅದಕ್ಕೇ ಇಬ್ಬರೂ ಕಲ್ಲಾಗುತ್ತಿದ್ದೆವು. ನನ್ನದಲ್ಲದ ಹೆಸರಿಗೆ ನಾನು ಓಗೊಡುವುದು ಹೇಗೆ? ಸತ್ತವರ ಜಾಗಕ್ಕೆ ನುಗ್ಗಿದ ಹಾಗಾಗುವುದಿಲ್ಲವೇ? ಇದೆಲ್ಲ ಯೋಚಿಸಿದೆನೆಂದು ಈಗ ಹೇಳುತ್ತಿದ್ದೇನೆ. ಆಗ ಯೋಚಿಸಲು ಹೊತ್ತಿರಲಿಲ್ಲ. ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ, “ಓ!” ಎಂದೆ.

ನೀರು ತಡೆಯಿತು. ಎತ್ತಲಿಲ್ಲ, ಇಳಿಸಲೂ ಇಲ್ಲ. ಟೀಚರ್ ತಿರುಗಿದರು. ನಾನು ಕೈಬಡಿದುಕೊಂಡು ಹತ್ತಿರ ಹೋದೆ. ಅವರ ಕಣ್ಣು ಕೆಂಪಾಗಿತ್ತು.

“ನೀನು ಲಿಲ್ಲಿ ಅಲ್ಲ” ಎಂದರು.

“ಅಲ್ಲ ಟೀಚರ್.”

“ಮತ್ಯಾಕೆ ಓ ಅಂದೆ?”

“ನೀವು ಕೂಗಿದ್ರಿ. ಇಲ್ಲಿ ನಾನೇ ತಾನೇ ಇರೋದು?”

ಅಲೆಯೊಂದು ಬಂದು ಇಬ್ಬರ ಮುಖಕ್ಕೂ ಹೊಡೆಯಿತು. ಟೀಚರ್ ಉಗುಳಿದರು, ಕೆಮ್ಮಿದರು, ಕೆಮ್ಮುತ್ತ ಅತ್ತರು, ಅಳುತ್ತ ನಕ್ಕರು. ನನ್ನ ಭುಜ ಹಿಡಿದುಕೊಂಡು ಬಂಡೆಯ ಕಡೆಗೊಮ್ಮೆ ನೋಡಿದರು. “ಇಲ್ಲೇ ಅಂದ್ಲು, ಸಾಕು ದೇವೀ, ವಾಪಸ್ ಹೋಗೋಣ ಅಂತ. ನಾನು ಬೈದೆ. ಉಸಿರು ಕಟ್ಟಿದೆ ಅಂತ ಗೊತ್ತಾಗ್ಲಿಲ್ಲ, ಸೋಮಾರಿತನ ಅನ್ಕೊಂಡೆ” ಎಂದರು. ನಾನು ಪಕ್ಕದಲ್ಲಿ ಕಾಲಾಡಿಸುತ್ತಿದ್ದೆ. ನೀರುಕಾಗೆಯೊಂದು ರೆಕ್ಕೆ ಮಡಿಚಿ ನೀರಿಗೆ ಧುಮುಕಿತು. ಸ್ವಲ್ಪ ಹೊತ್ತಿನ ಮೇಲೆ ಟೀಚರ್ ನನ್ನ ಭುಜ ಬಿಟ್ಟು, ದೂರ ಸರಿದು, ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ, ಬೆಟ್ಟಕ್ಕೆಲ್ಲ ಕೇಳುವ ಹಾಗೆ ಕೂಗಿದರು.

“ಇಂದುಮತೀ!”

“ಓ!”

ಆಗ ಕೆರೆ ನಮ್ಮನ್ನು ಎತ್ತಿದ್ದನ್ನು ನಾನು ಹೇಗೆ ಬಣ್ಣಿಸಲಿ? ಸೊಂಟದವರೆಗೆ ಮೇಲೆ ಬಂದೆವು ಅನ್ನಿಸಿತು. ಗಾಳಿ ಬೆನ್ನ ಹಿಂದೆ ಬಂತು. ಅಲೆಗಳು ಈಗ ನಮ್ಮ ಮೇಲೆ ಬರುತ್ತಿರಲಿಲ್ಲ, ನಮ್ಮನ್ನು ದೂಡುತ್ತಿದ್ದವು. ಬಂಡೆ ಹಿಂದೆ ಬಿತ್ತು. ಟೀಚರ್‌ಗೆ ಕಾಯುತ್ತ ಕೂತಿದ್ದ ಅರ್ಧ ಶುರುವಾಯಿತು. ಅವರು ಕೈ ಬೀಸಿದ್ದನ್ನು ಆ ದಿನ ನೀವು ನೋಡಬೇಕಿತ್ತು! ನಾನು ಹಿಂದೆ ಬಿದ್ದೆ, “ಟೀಚರ್, ನಿಧಾನ!” ಎಂದೆ. “ಓ!” ಎಂದರೇ ಹೊರತು ನಿಧಾನಿಸಲಿಲ್ಲ.

ಆಚೆ ದಡದಲ್ಲಿ ಉಪ್ಪು ತೆಗೆಯುವವರ ಹಳ್ಳಿ. ಹೆಂಗಸರು ಸಲಿಕೆ ಬಿಟ್ಟು ಓಡಿ ಬಂದರು. ಅವರ ನಡುವೆ ಚೀಲ ತಬ್ಬಿಕೊಂಡು ಶ್ರೀಪತಿ ನಿಂತಿದ್ದ. ನನ್ನನ್ನು ಕಂಡದ್ದೇ ಉಪ್ಪಿನ ರಾಶಿಯ ಮೇಲೆ ಕೂತುಬಿಟ್ಟ. ಹೆಂಗಸರು ಬೆಲ್ಲದ ಪಾನಕ ಕೊಟ್ಟರು, ಕಲ್ಲಂಗಡಿ ಸೀಳಿ ಕೊಟ್ಟರು. ಬಾಯೆಲ್ಲ ಉಪ್ಪಾಗಿದ್ದವರಿಗೆ ಆ ಸಿಹಿ ನೆತ್ತಿಗೇರಿತು. ಟೀಚರ್ ಕಲ್ಲಂಗಡಿಯ ರಸ ಮೊಣಕೈವರೆಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ದಾಟಿ ಬಂದ ನೀರನ್ನೇ ನೋಡುತ್ತಿದ್ದರು. ನೀರು ಈಗ ಹಾಲು ಬೆರೆಸಿದ ನೀಲಿಗೆ ತಿರುಗತೊಡಗಿತ್ತು. ಗಾಳಿ ನಿಂತಿತ್ತು.

“ಬಸ್ ಬಂತು” ಎಂದ ಶ್ರೀಪತಿ. ರಸ್ತೆಯಲ್ಲಿ ಹಾರನ್ ಕೇಳಿತು.

ಟೀಚರ್ ನನ್ನ ಕಡೆ ತಿರುಗಿದರು. ಹುಬ್ಬು ಏರಿಸಿದರು. ನನ್ನ ತೋಳು ನೋಯುತ್ತಿತ್ತು, ಕಂಕುಳಲ್ಲಿ ಹೊಲಿಗೆ ಉಜ್ಜಿ ಉರಿಯುತ್ತಿತ್ತು, ಕಣ್ಣು ಮೆಣಸಿನಕಾಯಿಯಾಗಿತ್ತು. ನಾನು ಟವೆಲ್ಲನ್ನು ಶ್ರೀಪತಿಯ ಕೈಗೆ ವಾಪಸ್ ಕೊಟ್ಟೆ.

“ಏನು? ಮತ್ತೆ ಈಜ್ಕೊಂಡಾ?” ಎಂದು ಅವನು ಬಾಯಿ ಬಿಟ್ಟ. “ಹಂಗಾದ್ರೆ ನಾನು ಈ ಫ್ಲಾಸ್ಕ್ ಹಿಡ್ಕೊಂಡು ಒಬ್ನೇ ಬಸ್ಸಲ್ಲಿ ಹೋಗ್ಲಾ?”

“ಹೋಗಿರು, ಬರ್ತೀವಿ.”

ಬರುವಾಗ ಇಬ್ಬರಿಗೂ ಆತುರವಿರಲಿಲ್ಲ. ಕಪ್ಪುಬಂಡೆಯ ಹತ್ತಿರ ಟೀಚರ್ ಒಂದು ಕ್ಷಣ ನಿಂತು, ಅಂಗೈ ಒದ್ದೆ ಕಲ್ಲಿನ ಮೇಲಿಟ್ಟು, ಮತ್ತೆ ಹೊರಟರು. ಊರು ಹತ್ತಿರವಾದಂತೆ ಏನೋ ಗದ್ದಲ ಕೇಳಿಸಿತು. ಜಗಳವೇನೋ ಅಂದುಕೊಂಡೆ. ಇನ್ನಷ್ಟು ಹತ್ತಿರ ಬಂದಾಗ ಕಾಣಿಸಿತು: ಮೆಟ್ಟಿಲುಗಳ ಮುಂದಿನ ತೆಳುನೀರಿನಲ್ಲಿ ಜನವೋ ಜನ. ಆಚೆ ದಡ ಮುಟ್ಟಿದೆವೆಂಬ ಸುದ್ದಿ ಫೋನಿನಲ್ಲಿ ಬಂದದ್ದೇ ತಡ, ಊರಿನ ದಡದವರೆಲ್ಲ ನೀರಿಗಿಳಿದಿದ್ದರು. ಜೊತೆ ಸಿಕ್ಕದೆ ಉಳಿದವರು, ಜೊತೆ ಕಳೆದುಕೊಂಡವರು. ಸೀರೆ ಎತ್ತಿ ಕಟ್ಟಿದವರು, ಪಂಚೆಯಲ್ಲಿದ್ದವರು, ಕನ್ನಡಕ ತೆಗೆಯಲು ಮರೆತವರು. ಒಬ್ಬರ ಕೈ ಒಬ್ಬರು ಹಿಡಿದು, ಕಾಲು ಮೇಲೆತ್ತಿ, ಮುಳುಗಿ, ಕೆಮ್ಮಿ, “ನೀನಲ್ಲ, ಮುಂದೆ ನಡಿ” ಎಂದು ನಗುತ್ತ ಕೈ ಬದಲಾಯಿಸುತ್ತಿದ್ದರು. ಈಜು ಬಲ್ಲವರೆಲ್ಲ ನೀರು ಬಿಟ್ಟು ಮೆಟ್ಟಿಲ ಮೇಲೆ ನಿಂತು ಕೂಗಿ ಹುರಿದುಂಬಿಸುತ್ತಿದ್ದರು. ನಾವು ನೋಡುತ್ತಿದ್ದಂತೆಯೇ ಹೆಂಡತಿ ತೀರಿದ ಮೇಲೆ ಮಾತೇ ಬಿಟ್ಟಿದ್ದ ಪೆಟ್ಟಿ ಅಂಗಡಿಯ ಮುದ್ದಣ್ಣನೂ ಬಳೆ ಮಾರುವ ಹುಸೇನಮ್ಮನೂ ಒಟ್ಟಿಗೇ ಕಾಲೆತ್ತಿದರು. ಇಬ್ಬರೂ ಮುಳುಗಲಿಲ್ಲ. ಆಮೇಲೆ ಹುಸೇನಮ್ಮ ಕೈಬಳೆಯೆಲ್ಲ ಗಲಗಲ ಎನ್ನುವಂತೆ ನೀರು ಬಡಿದು, “ಮುದ್ದಣ್ಣಾ!” ಎಂದು ಕಿರುಚಿದಳು. “ಓ! ಓ! ಓ!” ಎಂದ ಮುದ್ದಣ್ಣ.

“ನೋಡಿದ್ಯಾ!” ಎಂದು ಟೀಚರ್ ನೀರು ಬಡಿದರು. “ನೋಡಿದ್ಯೇನೇ!” ಎನ್ನುತ್ತ ನನ್ನನ್ನು ಬಿಟ್ಟು ಆ ಗುಂಪಿನೊಳಗೆ ನುಗ್ಗಿಯೇಬಿಟ್ಟರು.

ನಾನು ನಿಧಾನ ಬಂದೆ. ನೀರು ಸೊಂಟಮಟ್ಟಕ್ಕಿಳಿಯಿತು, ಏಳಬಹುದಿತ್ತು. ಮೊಣಕಾಲುಮಟ್ಟಕ್ಕಿಳಿಯಿತು, ಆಗಲೂ ಏಳಲಿಲ್ಲ. ಕೈ ಬೀಸುತ್ತಲೇ ಇದ್ದೆ. ಕೊನೆಗೆ ಹೊಟ್ಟೆ ಉಪ್ಪಿನ ಹೆಪ್ಪಿಗೆ ತಾಗಿ ಕರಕರ ಎಂದು ಕೆರೆದು, ಇನ್ನು ಒಂದಿಂಚೂ ಮುಂದೆ ಹೋಗಲಾಗದೆ ದೋಣಿಯ ಹಾಗೆ ನಿಂತೆ. ಕೆನ್ನೆ ಉಪ್ಪಿನ ಮೇಲಿಟ್ಟು ಹಾಗೇ ಮಲಗಿದೆ. ಮುಖದ ಹತ್ತಿರ ಶ್ರೀಪತಿಯ ಚಪ್ಪಲಿ ಕಾಣಿಸಿತು. ಬಸ್ಸು ಮೊದಲೇ ತಲುಪಿತ್ತು.

“ಏಳೇ ಮಹರಾಯ್ತಿ, ದಡ ಬಂತು” ಎಂದ.

“ಗೊತ್ತು” ಎಂದೆ. ಇನ್ನೂ ಒಂದೆರಡು ಸಲ ಕಾಲು ಬಡಿದೆ.